ಕೃತಕ ಕಾಲು ಬರುವುದಕ್ಕೆ ಮೊದಲಿನ ವಾರಗಳು

(ಸಕ್ಕರೆ ಕಾಯಿಲೆ ಇರುವವರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಮಂಗಳೂರಿನ ಒಂದು ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಪ್ರಶ್ನೋತ್ತರದ ಸ್ವಲ್ಪ ಭಾಗವೂ ಇದೆ.)

ಎಲ್ಲರಿಗೂ ನಮಸ್ಕಾರ.

ಆಪರೇಶನ್‌ನಲ್ಲಿ ಕಾಲು ತೆಗೆದ ಮೇಲೆ ಮನೆಯವರು ನಮ್ಮನ್ನು ಕೇಳುವುದು ಎರಡೇ ಪ್ರಶ್ನೆ. ಡಿಸ್ಚಾರ್ಜ್ ಯಾವಾಗ? ಕೃತಕ ಕಾಲು ಯಾವಾಗ? ಎರಡನೆಯದಕ್ಕೆ ಬಾಲ ಉದ್ದ. ಜೈಪುರದ್ದು ಒಳ್ಳೆಯದಾ, ಜರ್ಮನಿಯದ್ದು ಒಳ್ಳೆಯದಾ, ಯೂಟ್ಯೂಬಿನಲ್ಲಿ ಒಬ್ಬರು ಓಡುತ್ತಾರಲ್ಲ, ಆ ಕಾಲು ನಮ್ಮ ಅಪ್ಪನಿಗೆ ಆಗುತ್ತದಾ, ಎಷ್ಟು ಲಕ್ಷ ಬೇಕು. ಕೇಳಬೇಕಾದದ್ದೇ, ತಪ್ಪಿಲ್ಲ. ಆದರೆ ಈ ಎರಡು ಪ್ರಶ್ನೆಗಳ ನಡುವೆ ಕೆಲವು ವಾರಗಳಿವೆ. ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಒಬ್ಬರು ಮುಂದೆ ನಡೆಯುತ್ತಾರೋ ಇಲ್ಲವೋ ಎನ್ನುವುದು ಕಾಲಿನ ಬೆಲೆಗಿಂತ ಜಾಸ್ತಿ ಆ ವಾರಗಳ ಮೇಲೆ ನಿಂತಿದೆ. ಇವತ್ತು ನಾನು ಹೇಳಲು ಬಂದದ್ದು ಅಷ್ಟನ್ನೇ.

ನಮ್ಮ ಕಡೆ ಕಾಲು ಹೋಗುವುದು ಯಾರಿಗೆ ಅಂತ ನಿಮಗೆ ಗೊತ್ತೇ ಇದೆ. ಹೆಚ್ಚಿನವರು ಶುಗರ್ ಇರುವವರು. ನರಗಳ ಸ್ಪರ್ಶ ಹೋಗಿರುತ್ತದೆ, ರಕ್ತ ಓಡಾಟ ಕಡಿಮೆಯಾಗಿರುತ್ತದೆ. ಸಣ್ಣ ಹುಣ್ಣು ಕಾಣದೇ ಬೆಳೆದು ಗ್ಯಾಂಗ್ರೀನ್ ಆಗುತ್ತದೆ. ಎರಡನೆಯದು ಅಪಘಾತ. ಹೆದ್ದಾರಿ 66ರಲ್ಲಿ ಬೈಕಿನಲ್ಲಿ ಓಡಾಡುವ ಹುಡುಗರು. ಮೂರನೆಯದು ತಂಬಾಕು. ಬೀಡಿ ಕಟ್ಟಿ ಎಷ್ಟೋ ಮನೆ ಬೆಳಗಿದ ಊರು ನಮ್ಮದು, ಅದನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಸೇದುವವರಲ್ಲಿ ಬರ್ಗರ್ ಕಾಯಿಲೆ ಅಂತ ಒಂದಿದೆ. ಮೂವತ್ತು ನಲವತ್ತರ ಪ್ರಾಯದಲ್ಲೇ ಕೈಕಾಲಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಅದಕ್ಕೆ ತಂಬಾಕು ಪೂರ್ತಿ ಬಿಡುವುದೇ ಮುಖ್ಯ ಮದ್ದು. ದಿನಕ್ಕೆ ಒಂದೇ ಒಂದು ಅಂತ ಇಟ್ಟುಕೊಂಡರೂ ಕಾಯಿಲೆ ಮುಂದುವರಿಯುತ್ತದೆ, ಒಂದು ಬೆರಳಿನಿಂದ ಶುರುವಾದದ್ದು ಮೊಣಕಾಲಿನವರೆಗೆ ಬರುತ್ತದೆ.

ಈಗ ಆ ವಾರಗಳ ವಿಷಯಕ್ಕೆ ಬರೋಣ. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಯವರು ಮಾತ್ರ ಬರುವುದಲ್ಲ. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಎಲ್ಲ ಕಡೆಯಿಂದ ಬರುತ್ತಾರೆ. ಬ್ರಿಟಿಷರ ಕಾಲದ ವೆನ್ಲಾಕ್ ಆಸ್ಪತ್ರೆಯ ಎದುರು ಒಂದು ಗಂಟೆ ನಿಂತರೆ ಎಷ್ಟು ಊರಿನ ಮಾತು ಕಿವಿಗೆ ಬೀಳುತ್ತದೆ! ಜೊತೆಗೆ ನಿಂತವರಿಗೆ ಕೂಲಿ ಹೋಗುತ್ತದೆ, ಮನೆಯಲ್ಲಿ ದನಕರು ಇದೆ, ಹೋಟೆಲ್ ಊಟದ ಖರ್ಚು ಬೇರೆ. ಗಾಯ ಸ್ವಲ್ಪ ಒಣಗಿದ ಕೂಡಲೇ ಹೊರಟುಬಿಡುತ್ತಾರೆ. ಘಾಟಿ ಹತ್ತಿ ಮನೆ ಸೇರಿದ ಮೇಲೆ ಫಿಸಿಯೋಥೆರಪಿ ಎಲ್ಲಿಂದ ಸಿಗಬೇಕು? ಮೂರು ತಿಂಗಳು ಕಳೆದು ಕೃತಕ ಕಾಲಿನ ಅಳತೆಗೆ ಅಂತ ವಾಪಸ್ ಬರುತ್ತಾರೆ. ಆಗ ನೋಡಿದರೆ ಮೊಣಕಾಲು ಮಡಚಿ ಕೂತಿರುತ್ತದೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಜಾಸ್ತಿ ನಷ್ಟ ಆಗುವುದು ಇಲ್ಲೇ. ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದಾರೆ ಅಂತ ಇಟ್ಟುಕೊಳ್ಳಿ. ಉಳಿದ ಭಾಗಕ್ಕೆ ನಾವು ಸ್ಟಂಪ್ ಅನ್ನುತ್ತೇವೆ. ನೋವಿದೆ. ಮಗಳು ಅಥವಾ ಹೆಂಡತಿ ಪಾಪ ಅಂತ ಅದರ ಅಡಿಗೆ ಒಂದು ದಿಂಬು ಇಡುತ್ತಾರೆ. ಮೊಣಕಾಲು ಸ್ವಲ್ಪ ಮಡಚಿದರೆ ಹಾಯೆನಿಸುತ್ತದೆ. ಆ ಹಾಯೇ ಶತ್ರು. ಮಡಚಿದ ಸ್ಥಿತಿಯಲ್ಲೇ ಹಿಂದಿನ ಸ್ನಾಯುಗಳು ಗಿಡ್ಡವಾಗುತ್ತವೆ. ಮಳೆಗಾಲದಲ್ಲಿ ಹಳೇ ಮರದ ಬಾಗಿಲು ಬಿಗಿಯಾಗುತ್ತದಲ್ಲ, ಹಾಗೆ ಗಂಟು ಹಿಡಿದುಕೊಳ್ಳುತ್ತದೆ. ಬಾಗಿಲನ್ನಾದರೆ ಆಚಾರಿ ಬಂದು ಕೀಸಿ ಸರಿ ಮಾಡಬಹುದು. ಪೂರ್ತಿ ಬಿಗಿದ ಮೊಣಕಾಲನ್ನು ನೇರ ಮಾಡುವುದು ಬಹಳ ಕಷ್ಟ, ಕೆಲವೊಮ್ಮೆ ಆಗುವುದೇ ಇಲ್ಲ. ನೇರವಾಗದ ಮೊಣಕಾಲಿಗೆ ಎಷ್ಟು ಲಕ್ಷದ ಕಾಲು ಹಾಕಿದರೂ ನಡಿಗೆ ಕುಂಟುತ್ತದೆ.

ಮೊಣಕಾಲಿನ ಮೇಲೆ ತೆಗೆದವರಿಗೆ ಇದೇ ತೊಂದರೆ ಸೊಂಟದ ಕೀಲಿನಲ್ಲಿ. ಇಡೀ ದಿನ ಹಾಸಿಗೆಯಲ್ಲಿ ಒರಗಿ ಕೂತು, ಇಲ್ಲವೇ ಕುರ್ಚಿಯಲ್ಲಿ ಕೂತು, ತೊಡೆ ಮುಂದಕ್ಕೆ ಬಾಗಿಯೇ ನಿಂತುಬಿಡುತ್ತದೆ. ಎರಡು ತೊಡೆಯ ನಡುವೆ ದಿಂಬು ಇಡುವುದೂ ಬೇಡ, ಕಾಲು ಹೊರಕ್ಕೆ ಸರಿದು ಹಾಗೇ ಉಳಿಯುತ್ತದೆ. ಹಾಗಾಗಿ ವಾರ್ಡಿನಲ್ಲಿ ನಾವು ಮಾಡಿಸುವ ಮೊದಲ ಕೆಲಸ ಬೋರಲು ಮಲಗಿಸುವುದು. ದಿನಕ್ಕೆ ಎರಡು ಮೂರು ಸಲ, ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ. ಉಬ್ಬಸ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಇದು ಆಗುವುದಿಲ್ಲ. ಅವರನ್ನು ಅಂಗಾತ ಮಲಗಿಸಿ ಸ್ಟಂಪನ್ನು ನೇರ ಹಾಸಿಗೆಗೆ ಒತ್ತಿಸುತ್ತೇವೆ. ಮೊಣಕಾಲಿನ ಕೆಳಗೆ ಹೋದವರು ಗಾಲಿಕುರ್ಚಿಯಲ್ಲಿ ಕೂರುವಾಗ ಸ್ಟಂಪ್ ನೇತಾಡಬಾರದು. ಅಡಿಗೆ ಒಂದು ಹಲಗೆ ಕೊಟ್ಟು ಚಾಚಿ ಇಡಬೇಕು. ನೋಡಲು ಏನೂ ದೊಡ್ಡ ಚಿಕಿತ್ಸೆ ಅಲ್ಲ, ಅಲ್ವಾ? ಮೆಷಿನ್ ಇಲ್ಲ, ಇಂಜೆಕ್ಷನ್ ಇಲ್ಲ. ಅದಕ್ಕೇ ಮನೆಯವರಿಗೆ ‘ಇಲ್ಲಿ ಏನೂ ಮಾಡುತ್ತಿಲ್ಲ, ಸುಮ್ನೆ ಮಲಗಿಸುತ್ತಾರೆ’ ಅಂತ ಅನ್ನಿಸುತ್ತದೆ.

ಇನ್ನೊಂದು ಬ್ಯಾಂಡೇಜ್. ಸ್ಟಂಪ್ ಊದಿರುತ್ತದೆ. ಅದು ಇಳಿದು ಒಳ್ಳೆಯ ಆಕಾರಕ್ಕೆ ಬರದೇ ಅಳತೆ ತೆಗೆಯುವ ಹಾಗಿಲ್ಲ. ಗಾಯ ಒಪ್ಪುತ್ತದೆ ಅಂತ ಸರ್ಜನ್ ಹೇಳಿದ ಮೇಲೆ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಬೇಕು. ತುದಿಯಲ್ಲಿ ಬಿಗಿ, ಮೇಲೆ ಹೋದ ಹಾಗೆ ಸಡಿಲ. ಉಲ್ಟಾ ಮಾಡಿದರೆ ತುದಿ ಬಲೂನಿನ ಹಾಗೆ ಊದುತ್ತದೆ. ಬಳೆ ತೊಡಿಸಿದ ಹಾಗೆ ಸುತ್ತ ಸುತ್ತ ಸುತ್ತುವುದಂತೂ ಬೇಡವೇ ಬೇಡ, ರಕ್ತ ನಿಲ್ಲುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಬಿಚ್ಚಿ, ಚರ್ಮ ನೋಡಿ, ಮತ್ತೆ ಕಟ್ಟಬೇಕು. ಇದನ್ನು ರೋಗಿಯೂ ಕಲಿಯಬೇಕು, ಮನೆಯಲ್ಲಿ ಒಬ್ಬರೂ ಕಲಿಯಬೇಕು. ವಾರ್ಡಿನಲ್ಲಿ ನರ್ಸ್ ಮುಂದೆ ಕಟ್ಟಿ ತೋರಿಸಿದ ಮೇಲೆಯೇ ಮನೆಗೆ ಹೊರಡಿ.

ಬೀಳುವುದರ ಬಗ್ಗೆ ಹೇಳಬೇಕು. ರಾತ್ರಿ ಎರಡು ಗಂಟೆ. ಮೂತ್ರಕ್ಕೆ ಎಚ್ಚರ ಆಗುತ್ತದೆ. ನಿದ್ದೆಗಣ್ಣಿನಲ್ಲಿ ಕಾಲು ಇಲ್ಲ ಎನ್ನುವುದು ನೆನಪಿರುವುದಿಲ್ಲ. ಇದು ಮರೆವು ಅಲ್ಲ, ಮಿದುಳಿನಲ್ಲಿ ಆ ಕಾಲು ಇನ್ನೂ ಇದೆ. ಎದ್ದು ಇಲ್ಲದ ಕಾಲನ್ನು ಊರುತ್ತಾರೆ. ಬೀಳುವಾಗ ಭಾರ ಬೀಳುವುದು ನೇರ ಸ್ಟಂಪಿನ ತುದಿಗೆ, ಹೊಲಿಗೆಯ ಮೇಲೆ. ಗಾಯ ಬಿಟ್ಟುಕೊಂಡು ಮತ್ತೆ ಆಪರೇಶನ್ ಆದವರಿದ್ದಾರೆ. ಮಂಚದ ಆ ಬದಿಗೆ ಒಂದು ಕುರ್ಚಿ ಅಡ್ಡ ಇಡಿ, ಸಣ್ಣ ಲೈಟ್ ಹಾಕಿಡಿ, ಕೈಗೆ ಸಿಗುವ ಹಾಗೆ ಮೂತ್ರದ ಪಾತ್ರೆ ಇಡಿ. ನಾಚಿಕೆ ಬಿಡಿ.

ಕಾಲು ಇಲ್ಲ, ಆದರೆ ಆ ಕಾಲು ನೋಯುತ್ತದೆ. ಇದನ್ನು ಬಾಯಿಬಿಟ್ಟು ಹೇಳಲು ಹೆದರುವವರು ಬಹಳ. ‘ಹೆಬ್ಬೆರಳು ಉರಿಯುತ್ತದೆ’ ಅಂದರೆ ಜನ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ ಅಂತ ಹೆದರಿಕೆ. ಒಬ್ಬ ಅಜ್ಜಿ ಪಿಸುದನಿಯಲ್ಲಿ ಹೇಳಿದ್ದರು, ಕಾಲು ಹೂತ ಜಾಗದಲ್ಲಿ ಇರುವೆ ಮುತ್ತಿದೆ, ಅದಕ್ಕೇ ಹೀಗೆ ಕಚ್ಚುತ್ತದೆ ಅಂತ. ಮಗನನ್ನು ಕಳಿಸಿ ಅಗೆಸಿ ನೋಡಬೇಕು ಅನ್ನುವಷ್ಟರ ಮಟ್ಟಿಗೆ. ಇದು ಹುಚ್ಚಲ್ಲ, ಇರುವೆಯೂ ಅಲ್ಲ. ಫ್ಯಾಂಟಮ್ ನೋವು ಅಂತ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರನ್ನು ನೋಡಿದ ಸೈಲಸ್ ವೀರ್ ಮಿಚೆಲ್ ಎಂಬ ವೈದ್ಯರು 1871ರಲ್ಲಿ ‘ಫ್ಯಾಂಟಮ್ ಅಂಗ’ ಎಂಬ ಹೆಸರಿನಲ್ಲಿ ಇದರ ಬಗ್ಗೆ ಬರೆದರು. ಕಾಲಿನ ಸುದ್ದಿ ತೆಗೆದುಕೊಳ್ಳುತ್ತಿದ್ದ ಮಿದುಳಿನ ಭಾಗ ಇನ್ನೂ ಕೆಲಸ ಮಾಡುತ್ತಲೇ ಇದೆ. ಕತ್ತರಿಸಿದ ನರಗಳೂ ಏನೇನೋ ಸಂಕೇತ ಕಳಿಸುತ್ತಿರುತ್ತವೆ.

ಇದಕ್ಕೆ ಮಾತ್ರೆಗಳಿವೆ, ವೈದ್ಯರು ಕೊಡುತ್ತಾರೆ. ಸಾಮಾನ್ಯ ನೋವಿನ ಮಾತ್ರೆ ಸಾಲುವುದಿಲ್ಲ, ನರದ ನೋವಿನ ಮಾತ್ರೆಯೇ ಬೇಕಾಗುತ್ತದೆ. ಗಾಯ ಮಾಗಿದ ಮೇಲೆ ಸ್ಟಂಪನ್ನು ಮೆಲ್ಲಗೆ ತಟ್ಟುವುದು, ಬೈರಾಸಿನಿಂದ, ಅಂದರೆ ಟವೆಲಿನಿಂದ, ಉಜ್ಜುವುದು ಕೆಲವರಿಗೆ ಹಿಡಿಸುತ್ತದೆ. ನನಗೆ ಇಷ್ಟದ್ದು ಕನ್ನಡಿ. ಮದರಾಸಿನಲ್ಲಿ ಡಾಕ್ಟರಿಕೆ ಓದಿ ಆಮೇಲೆ ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರ ಮೇಲೆ ಇದನ್ನು ಮಾಡಿ ತೋರಿಸಿದರು. ಎರಡು ಕಾಲಿನ ನಡುವೆ ಉದ್ದದ ಕನ್ನಡಿ ನಿಲ್ಲಿಸಿ, ಇರುವ ಕಾಲನ್ನು ಅದರಲ್ಲಿ ನೋಡುತ್ತಾ ಬೆರಳು ಮಡಚಿ ಬಿಡಿಸಬೇಕು. ಇಲ್ಲದ ಕಾಲೇ ಆಡುತ್ತಿರುವ ಹಾಗೆ ಕಾಣುತ್ತದೆ. ದಿನಕ್ಕೆ ಹದಿನೈದು ನಿಮಿಷ, ಕೆಲವು ವಾರ. ಎಲ್ಲರಿಗೂ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಆದವರಿಗೆ ರಾತ್ರಿ ನಿದ್ದೆ ಬರುತ್ತದೆ. ಖರ್ಚು ಒಂದು ಕನ್ನಡಿಯದ್ದು. ದೈವಕ್ಕೆ ಹೇಳಿಕೊಳ್ಳುವವರಿಗೆ ನನ್ನ ಅಡ್ಡಿ ಇಲ್ಲ. ಹೇಳಿಕೊಳ್ಳಿ, ಕನ್ನಡಿಯನ್ನೂ ಹಿಡಿಯಿರಿ.

ಮನೆ ಹೇಗಿದೆ ಅಂತ ನಾವು ಕೇಳಿದಾಗ ‘ಒಳ್ಳೆ ಮನೆ, ತಾರಸಿ’ ಅನ್ನುತ್ತಾರೆ. ನಮಗೆ ಬೇಕಾದದ್ದು ಅದಲ್ಲ. ಗೇಟಿನಿಂದ ಬಚ್ಚಲಿನವರೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ ಅನ್ನುತ್ತೇವೆ. ನಮ್ಮ ಊರಿನ ಮನೆಗಳು ರಸ್ತೆ ಮಟ್ಟದಲ್ಲಿ ಎಲ್ಲಿವೆ? ಒಂದೋ ಗುಡ್ಡೆ ಮೇಲೆ, ಇಲ್ಲ ತೋಟದ ಕೆಳಗೆ. ಮುರಕಲ್ಲಿನ ಮೆಟ್ಟಿಲು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಆಟಿ ತಿಂಗಳಿನ ಮಳೆಯಲ್ಲಿ ಅಂಗಳಕ್ಕೆ ಪಾಚಿ. ಎರಡು ಕಾಲಿರುವ ನಾವೇ ಜಾರುತ್ತೇವೆ. ಬಚ್ಚಲಿಗೆ ಒಂದು ಮೆಟ್ಟಿಲು ಕೆಳಗಿಳಿಯಬೇಕು, ಪಾಯಿಖಾನೆ ಕುಕ್ಕರಗಾಲಿನದು, ಬಾಗಿಲು ಎಷ್ಟು ಸಪೂರ ಅಂದರೆ ಗಾಲಿಕುರ್ಚಿ ಹೊಸ್ತಿಲಲ್ಲೇ ನಿಲ್ಲುತ್ತದೆ.

ಇದನ್ನೆಲ್ಲ ಮನೆಗೆ ಹೋದ ಮೇಲೆ ಕಂಡುಕೊಳ್ಳುವ ಬದಲು ವಾರ್ಡಿನಲ್ಲಿ ಇರುವಾಗಲೇ ಕಂಡುಕೊಂಡರೆ ಮನೆಯವರಿಗೆ ಕೆಲಸ ಮಾಡಿಸಲು ಸಮಯ ಇರುತ್ತದೆ. ಕಮೋಡ್ ಇಲ್ಲವಾದರೆ ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತದೆ. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಸಾಲದು, ಕುರ್ಚಿಯ ಕಾಲು ಜಾರುತ್ತದೆ, ಗಟ್ಟಿ ಸ್ಟೂಲ್ ಇಡಿ. ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಇಳಿಜಾರು ಮಾಡಿಸುವುದಿದ್ದರೆ ಒಂದಕ್ಕೆ ಹನ್ನೆರಡರ ಲೆಕ್ಕ. ಹದಿನೈದು ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಮೇಸ್ತ್ರಿಗಳು ಅರ್ಧಕ್ಕರ್ಧ ಗಿಡ್ಡ ಮಾಡಿ ‘ಸಾಕು’ ಅನ್ನುತ್ತಾರೆ, ಒಪ್ಪಬೇಡಿ. ಕಡಿದಾದ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಕಾಲಿನ ಭಾರ ಮುಂದೆ ಇಲ್ಲದ್ದರಿಂದ ಇವರಿಗೆ ಆ ಅಪಾಯ ಇನ್ನೂ ಜಾಸ್ತಿ. ಎರಡೂ ಕಾಲು ಇಲ್ಲದವರ ಗಾಲಿಕುರ್ಚಿಯ ಹಿಂದಿನ ಚಕ್ರವನ್ನು ಇನ್ನಷ್ಟು ಹಿಂದಕ್ಕೆ ಜೋಡಿಸುವುದು ಅದಕ್ಕೇ.

ಗಾಲಿಕುರ್ಚಿ ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. ಸೋತ ಹಾಗೆ ಅನ್ನಿಸುತ್ತದೆ. ನಾನು ಬೇರೆ ರೀತಿ ನೋಡುತ್ತೇನೆ. ಶುಗರ್ ಇರುವವರು ವಾಕರ್ ಹಿಡಿದು ಒಂದೇ ಕಾಲಿನಲ್ಲಿ ಕುಪ್ಪಳಿಸಿದರೆ ಉಳಿದ ಪಾದಕ್ಕೆ ಎಷ್ಟು ಪೆಟ್ಟು! ಆ ಪಾದದಲ್ಲೂ ಸ್ಪರ್ಶ ಇಲ್ಲ, ಅಲ್ಲೂ ರಕ್ತ ಕಡಿಮೆ. ದೂರಕ್ಕೆ ಗಾಲಿಕುರ್ಚಿ, ಹತ್ತಿರಕ್ಕೆ ವಾಕರ್. ಉಳಿದ ಕಾಲನ್ನು ಚಿನ್ನದ ಹಾಗೆ ನೋಡಿಕೊಳ್ಳಿ. ದಿನಾ ಸಂಜೆ ಅಡಿಪಾದ ನೋಡುವುದು, ಬೆರಳ ಸಂದು ಒರೆಸುವುದು, ಮನೆಯೊಳಗೂ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ. ಬೊಕ್ಕೆ ಎದ್ದದ್ದೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೆಲ ತಂಪಿರುವಾಗ ಹೋಗಿ ಬನ್ನಿ.

ಎಲ್ಲರಿಗೂ ಕೃತಕ ಕಾಲು ಬೇಕಾ? ಇಲ್ಲಿ ಸ್ವಲ್ಪ ಕಟುವಾಗಿ ಮಾತಾಡಬೇಕಾಗುತ್ತದೆ. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಳೆದುಕೊಂಡ ಹುಡುಗನಿಗೆ ಅಷ್ಟೇ ದೂರ ನಡೆಯಲು ಮೊದಲಿಗಿಂತ ಸುಮಾರು ಶೇಕಡಾ 25ರಷ್ಟು ಜಾಸ್ತಿ ಶಕ್ತಿ ಬೇಕು. ರಕ್ತನಾಳದ ಕಾಯಿಲೆಯಿಂದ ಕಳೆದುಕೊಂಡವರಿಗೆ ಸುಮಾರು 40. ಮೊಣಕಾಲಿನ ಮೇಲೆ ಹೋದರೆ ಇದು 60 ದಾಟುತ್ತದೆ, ಕೆಲವರಿಗೆ ದುಪ್ಪಟ್ಟಾಗುತ್ತದೆ. ಮೊಣಕಾಲು ಉಳಿಸಲು ಸರ್ಜನ್‌ಗಳು ಅಷ್ಟು ಒದ್ದಾಡುವುದು ಇದಕ್ಕೇ. ಈಗಾಗಲೇ ಹಾರ್ಟ್ ವೀಕ್ ಇರುವ, ಆಪರೇಶನ್‌ಗೆ ಮೊದಲೇ ಮನೆಯೊಳಗೆ ಮಾತ್ರ ಓಡಾಡುತ್ತಿದ್ದ ಎಂಬತ್ತರ ಅಜ್ಜನಿಗೆ ಮೊಣಕಾಲಿನ ಮೇಲಿನ ಕಾಲು ಮಾಡಿಸಿ ಕೊಟ್ಟರೆ ಅದು ಮೂಲೆಯಲ್ಲಿ ನಿಲ್ಲುತ್ತದೆ. ಮಕ್ಕಳು ಸಾಲ ಮಾಡಿ ತಂದದ್ದು ಹಾಗೆ ನಿಂತದ್ದನ್ನು ನೋಡಿದ್ದೇನೆ. ಅದರ ಬದಲು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ತಾವೇ ಹೋಗುವ ಹಾಗೆ ಅವರನ್ನು ತಯಾರು ಮಾಡಿದರೆ ಮರ್ಯಾದೆ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ತೋಳಿನ ಬಲ. ವಾರ್ಡಿನಲ್ಲಿ ಬೆಳಿಗ್ಗೆ ಸಂಜೆ ಕೈಗೆ ವ್ಯಾಯಾಮ ಮಾಡಿಸುವುದು ಅದಕ್ಕೇ.

ಕಾಲು ಬೇಕಾದವರಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರದ ಹೊತ್ತಿಗೆ ಅಳತೆ ತೆಗೆಯಬಹುದು. ಶುಗರಿನವರಿಗೆ ಗಾಯ ಮಾಗಲು ಇನ್ನೂ ಸಮಯ ಹಿಡಿಯುತ್ತದೆ. ಜೈಪುರ ಕಾಲಿನ ಬಗ್ಗೆ ನನಗೆ ತುಂಬಾ ಗೌರವ. 1960ರ ದಶಕದ ಕೊನೆಯಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಮೂಳೆ ವೈದ್ಯ ಡಾ. ಪಿ. ಕೆ. ಸೇಠಿ ಸೇರಿ ಮಾಡಿದ್ದು. ಶೂ ಹಾಕದೇ ನಡೆಯಬಹುದು, ಗದ್ದೆಯ ಕೆಸರಿಗೆ ಇಳಿಯಬಹುದು, ನೆಲದಲ್ಲಿ ಕೂರಬಹುದು. ಪಾಶ್ಚಾತ್ಯರ ಮರದ ಪಾದಕ್ಕೆ ಇದೆಲ್ಲ ಬರುತ್ತಿರಲಿಲ್ಲ. ಆದರೆ ಯಾವುದೇ ಕಾಲಾದರೂ ಮುಖ್ಯ ಭಾಗ ಕೆಳಗಿನ ಪಾದ ಅಲ್ಲ, ಸ್ಟಂಪ್ ಕೂರುವ ಸಾಕೆಟ್. ಮೊದಲ ವರ್ಷ ಸ್ಟಂಪ್ ಸಣ್ಣದಾಗುತ್ತಲೇ ಹೋಗುತ್ತದೆ. ಹಾಗಾಗಿ ಮೊದಲ ಸಾಕೆಟ್ ಸಡಿಲ ಆಗುವುದು ಖಂಡಿತ. ಒಂದರ ಮೇಲೊಂದು ಕಾಲುಚೀಲ ಹಾಕಿ ಸುಧಾರಿಸಿ, ಆಮೇಲೆ ಸಾಕೆಟ್ ಬದಲಿಸಬೇಕು. ಒಂದು ದಿನದ ಶಿಬಿರದಲ್ಲಿ ಕಾಲು ಕೊಡುವವರು ಒಳ್ಳೆಯ ಮನಸ್ಸಿನವರೇ. ‘ಸಡಿಲ ಆದರೆ ಎಲ್ಲಿಗೆ ಬರಲಿ’ ಅಂತ ಮಾತ್ರ ಅವರನ್ನು ಕೇಳಿಯೇ ತೆಗೆದುಕೊಳ್ಳಿ.

ಕರಾವಳಿಯ ಸೆಖೆಗೆ ಇನ್ನೊಂದು ಕಾಟ ಬೆವರು. ಸಾಕೆಟ್ ಒಳಗೆ ಬೆವರು ನಿಂತು ಬೆವರುಗುಳ್ಳೆ, ಕಜ್ಜಿ ಏಳುತ್ತದೆ. ಸ್ಟಂಪನ್ನು ರಾತ್ರಿ ತೊಳೆಯಿರಿ. ಬೆಳಿಗ್ಗೆ ತೊಳೆದು ಕೂಡಲೇ ಹಾಕಿದರೆ ಒದ್ದೆ ಚರ್ಮ ಒಳಗೆ ಉಜ್ಜಿಹೋಗುತ್ತದೆ. ತೆಂಗಿನೆಣ್ಣೆ ಹಚ್ಚುವುದಿದ್ದರೆ ಅದೂ ರಾತ್ರಿಯೇ. ಮೊದಮೊದಲು ಅರ್ಧ ಗಂಟೆ ಹಾಕಿ, ತೆಗೆದು ನೋಡಿ. ಕೆಂಪಾದದ್ದು ಹತ್ತಿಪ್ಪತ್ತು ನಿಮಿಷದಲ್ಲಿ ಹೋಗಬೇಕು. ಹೋಗಲಿಲ್ಲವೋ, ಅವತ್ತು ಮತ್ತೆ ಹಾಕಬೇಡಿ, ಫೋನ್ ಮಾಡಿ.

ಮನೆಯವರಿಗೆ ಒಂದು ಮಾತು. ಪ್ರೀತಿಯಿಂದ ಎಲ್ಲವನ್ನೂ ನೀವೇ ಮಾಡಿಕೊಡುತ್ತೀರಿ. ನೀರಿನ ಚೊಂಬು ಕೈಗೆ, ಊಟ ಮಂಚಕ್ಕೆ. ನಲವತ್ತು ವರ್ಷ ಮನೆ ನಡೆಸಿದ ಅಮ್ಮನಿಗೆ ‘ನೀನು ಸುಮ್ನೆ ಕೂತುಕೋ’ ಅಂದರೆ ಅವರಿಗೆ ಕಾಲಿನ ಜೊತೆ ಮನೆಯೂ ಹೋಯಿತು. ಅಡುಗೆಮನೆಗೆ ಎತ್ತರದ ಸ್ಟೂಲ್ ಹಾಕಿ. ನೆಲದ ಮೆಟ್ಟುಕತ್ತಿ ಆಗದಿದ್ದರೆ ಮೇಜಿನ ಮೇಲೆ ತರಕಾರಿ ಹೆಚ್ಚಲಿ. ಅತ್ತರೆ ಅಳಲು ಬಿಡಿ. ಎರಡು ಮೂರು ವಾರ ಕಳೆದರೂ ಊಟ, ನಿದ್ದೆ, ಮಾತು ಯಾವುದೂ ಬೇಡ ಅಂದರೆ ಮಾತ್ರ ಮನೋವೈದ್ಯರಿಗೆ ತೋರಿಸಿ. ನಮ್ಮ ಉಪದೇಶಕ್ಕಿಂತ, ಈಗಾಗಲೇ ಕಾಲು ಹಾಕಿ ನಡೆಯುವ ಒಬ್ಬರು ವಾರ್ಡಿಗೆ ಬಂದು ಪ್ಯಾಂಟ್ ಮಡಚಿ ತೋರಿಸಿದರೆ ಅದರ ಪರಿಣಾಮ ಜಾಸ್ತಿ.

ಕಾಗದಪತ್ರದ ಕೆಲಸವನ್ನೂ ಮುಂದೂಡಬೇಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಶೇಕಡಾ 40 ಅಂಗವೈಕಲ್ಯ ಗಡಿ. ಮೊಣಕಾಲಿನ ಕೆಳಗೆ ಕಾಲು ಹೋದವರೂ ಸಾಮಾನ್ಯವಾಗಿ ಅದನ್ನು ದಾಟುತ್ತಾರೆ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ಬಂದವು. ಸ್ಕೂಟರ್ ಓಡಿಸಬಹುದಾ ಅಂತ ಒಬ್ಬ ತಮ್ಮ ಕೇಳಿದರು. ಬದಿಗೆ ಎರಡು ಚಕ್ರ ಹಾಕಿಸಿದ ಗೇರ್ ಇಲ್ಲದ ಸ್ಕೂಟರನ್ನು ತುಂಬಾ ಜನ ಓಡಿಸುತ್ತಾರೆ. ಆರ್‌ಟಿಓದಲ್ಲಿ ಆ ಬದಲಾವಣೆ ದಾಖಲಾಗಬೇಕು, ಲೈಸೆನ್ಸೂ ಅದಕ್ಕೆ ತಕ್ಕದ್ದೇ ಬೇಕು. ಎಡಗಾಲು ಮಾತ್ರ ಇಲ್ಲದವರಿಗೆ ಕ್ಲಚ್ ಇಲ್ಲದ ಕಾರು ಸುಲಭ.

ಮೆಟ್ಟಿಲಿಗೆ ಯಾವ ಕಾಲು ಮೊದಲು ಅಂತ ಒಬ್ಬ ಅಕ್ಕ ಕೇಳಿದರು. ಹತ್ತುವಾಗ ಸ್ವಂತ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಕೋಲು ಒಂದೇ ಇದ್ದರೆ ಕೃತಕ ಕಾಲಿನ ಎದುರು ಬದಿಯ ಕೈಯಲ್ಲಿ.

ಕೊನೆಗೆ ಮಲ್ಪೆಯಿಂದ ಬಂದ ಒಬ್ಬರು ಎದ್ದು ನಿಂತರು. ತಮ್ಮನಿಗೆ ಮೊಣಕಾಲಿನ ಕೆಳಗೆ ತೆಗೆದಿದ್ದಾರೆ, ಕೃತಕ ಕಾಲು ಬಂದಿದೆ, ಮತ್ತೆ ಬೋಟಿಗೆ ಹೋಗಬಹುದಾ ಅಂತ. ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ ಅಣ್ಣ. ಮೊದಲು ಬಂದರಿನ ಒದ್ದೆ ನೆಲದಲ್ಲಿ ನಡೆದು ನೋಡಲಿ. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟ್ ಹೇಗೂ ಕಟ್ಟಿರುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ, ಜೊತೆಗೆ ಒಬ್ಬರನ್ನು ಇಟ್ಟುಕೊಂಡು, ಹತ್ತಿ ಇಳಿದು ಅಭ್ಯಾಸ ಮಾಡಲಿ. ಅಲ್ಲಿಯವರೆಗೆ ಬಲೆ ಕೆಲಸ ಕೂತು ಮಾಡಬಹುದಲ್ಲ. ಉಪ್ಪು ನೀರು ಲೋಹದ ಭಾಗಕ್ಕೆ ಒಳ್ಳೆಯದಲ್ಲ. ಅವರದ್ದು ಯಾವ ಬಗೆಯ ಕಾಲು ಅಂತ ಮಾಡಿಕೊಟ್ಟವರ ಹತ್ತಿರ ಕೇಳಿ. ಉಪ್ಪು ನೀರು ತಾಗಿದ ದಿನ ಸಿಹಿ ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿಡಲಿ. ಬೋಟಿನಲ್ಲಿ ಲೈಫ್ ಜಾಕೆಟ್ ಬಿಚ್ಚುವ ಹಾಗಿಲ್ಲ. ಆಗಸ್ಟಿನಲ್ಲಿ ಹೊರಡುವ ಮೊದಲು ಕಾಲು ಹಾಕಿಕೊಂಡೇ ಒಮ್ಮೆ ನಮ್ಮ ಹತ್ತಿರ ಬರಲಿ, ಸಾಕೆಟ್ ಸಡಿಲ ಇದೆಯಾ ಅಂತ ನೋಡಿ ಕಳಿಸುತ್ತೇವೆ.